ವಾಲೀಕಾರರ ದಾರಿ



ಈಗ ನಮ್ಮ ಕಡೆಯ ಹುಡುಗರಿಗೂ ಟ್ರೇಲ್ ರನ್ನಿಂಗ್ ಹುಚ್ಚು ಹತ್ತಿದೆ. ಡಾಂಬರು ರಸ್ತೆ ಬಿಟ್ಟು ಹೊಲ, ಗುಡ್ಡ, ಹಳ್ಳದ ಕಾಲುದಾರಿ ಹಿಡಿದು ಹತ್ತಾರು ಕಿಲೋಮೀಟರ್ ಓಡೋದು. ಛಲೋ ಕೆಲಸ, ಓಡ್ರಿ. ಆದ್ರ ಆ ದಾರಿ ಮ್ಯಾಲೆ ನಿಮಗಿಂತ ಮೊದಲು ಯಾರು ಓಡಿದ್ರು, ಯಾಕ ಓಡಿದ್ರು ಅನ್ನೋದನ್ನೂ ತಿಳ್ಕೊಂಡು ಓಡ್ರಿ.

ಆಳಂದದ ಕಡೆ ಗುಡ್ಡ, ಕಲ್ಲುನೆಲ. ಅಲ್ಲಿಂದ ಅಮರ್ಜಾ ನದಿ ಹಿಡಿದು ಇಳಿದರೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹತ್ತಿರ ಅದು ಭೀಮೆಗೆ ಕೂಡುತ್ತದೆ. ಭೀಮೆಯ ದಂಡೆಗುಂಟ ಕೆಳಗೆ ಹೋದರೆ ಜೇವರ್ಗಿಯ ಎರೆಭೂಮಿ. ಮಳೆಗಾಲದಾಗ ಎರೆಮಣ್ಣು ಅಂಗಾಲಿಗೆ ಮೆತ್ತಿ ಹೆಜ್ಜೆ ಕೀಳೋದೇ ಕಷ್ಟ. ಬ್ಯಾಸಿಗ್ಯಾಗ ಅದೇ ನೆಲ ಬಿರುಕು ಬಿಟ್ಟು ಕಾದ ಹಂಚಾಗ್ತದ. ಈ ನೆಲದ ಮ್ಯಾಲೆ ನಮ್ಮ ಹಿರಿಯರು ಬರಿಗಾಲಲ್ಲಿ ಓಡಿದ್ದಾರೆ. ಕಾಲಾಗ ಕೆರ ಇದ್ದರೂ, ಮೇಲ್ಜಾತಿ ಓಣಿ ಬಂತಂದ್ರ ಕೈಯಾಗ ಹಿಡೀಬೇಕಿತ್ತು.

ಪುರಾವೆ ಎಲ್ಲಿ ಅಂತೀರಾ? ಅಡ್ಡಹೆಸರಿನಾಗೇ ಅದ. ವಾಲೀಕಾರ ಅಂದ್ರ ಓಲೆಕಾರ, ಓಲೆ ಒಯ್ಯುವವ. ನಮ್ಮ ಜಿಲ್ಲೆಯ ಬಂಡಾಯ ಕವಿ ಚನ್ನಣ್ಣ ವಾಲೀಕಾರರ ಹೆಸರು ನಿಮಗೆಲ್ಲ ಗೊತ್ತೇ ಅದ. ಈ ಅಡ್ಡಹೆಸರು ಬ್ಯಾರೆ ಜಾತಿಗಳಲ್ಲೂ ಉಂಟು, ಇಲ್ಲ ಅನ್ನೋದಿಲ್ಲ. ಆದರೆ ಕೂಲಿಯಿಲ್ಲದ, ಒಲ್ಲೆ ಅನ್ನಲಾಗದ ಸುದ್ದಿ ಹೊರುವ ಕೆಲಸ ನಮ್ಮ ಕೇರಿಗಳ ಪಾಲಿಗೆ ಬಂದಿತ್ತು. ಅಸ್ಪೃಶ್ಯರ ಮೇಲೆ ಊರು ಹೇರಿದ ಚಾಕರಿಗಳನ್ನು ಬಾಬಾಸಾಹೇಬರು ಪಟ್ಟಿ ಮಾಡುವಾಗ ಇದನ್ನೂ ಬರೆದಿದ್ದಾರೆ: ಸವರ್ಣರ ಮನೆಯ ಸಾವು, ಮದುವೆ ಸುದ್ದಿಯನ್ನು ಪರ ಊರಿನ ಬಳಗಕ್ಕೆ ಮುಟ್ಟಿಸಬೇಕು, ಆ ಊರು ಎಷ್ಟೇ ದೂರ ಇರಲಿ.

ನಮ್ಮ ಮುತ್ಯಾ ಇದನ್ನೇ ಮಾಡಿದವ. ರಾತ್ರೋರಾತ್ರಿ ಹೋಗಿ, ಅಂಗಳದ ಹೊರಗೆ ನಿಂತು, ಸತ್ತವರ ಹೆಸರು ಕೂಗಿ ಹೇಳಿ, ಬೊಗಸೆಗೆ ಮ್ಯಾಲಿಂದ ಹೊಯ್ದ ನೀರು ಕುಡಿದು ಹೊಳ್ಳಿ ಬರ್ತಿದ್ದ. ಮುಂಜಾನೆ ಮತ್ತ ಗೌಡರ ಹೊಲದ ಕೆಲಸ.

ಈಗ ಮ್ಯಾರಥಾನ್ ಕಥೆ ನೆನಪು ಮಾಡ್ಕೊಳ್ರಿ. ಯುದ್ಧ ಗೆದ್ದ ಸುದ್ದಿ ಹೊತ್ತು ಅಥೆನ್ಸ್‌ಗೆ ಓಡಿದನಂತೆ ಒಬ್ಬ. ಅವನೂ ಓಲೆಕಾರನೇ ಅಲ್ಲೇನು? 1896ರ ಮೊದಲ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ನೀರು ಹೊತ್ತು ಮಾರುತ್ತಿದ್ದ ಬಡವ. ಇವತ್ತು ಅಥೆನ್ಸ್‌ನ ಒಲಿಂಪಿಕ್ ಕ್ರೀಡಾಂಗಣಕ್ಕೆ ಅವನ ಹೆಸರಿದೆ. ಮ್ಯಾರಥಾನ್ ದೂರ 42.195 ಕಿ.ಮೀ. ಆಳಂದದಿಂದ ಕಲಬುರಗಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಅಲ್ಲಿ ಓಡಿದವನಿಗೆ ಕ್ರೀಡಾಂಗಣ. ಇಲ್ಲಿ ಓಡಿದವರಿಗೆ ಕಣದಾಗಿನ ಒಂದಿಷ್ಟು ಕಾಳು.

ಮುಂಬೈ ಪ್ರಾಂತ್ಯದಲ್ಲಿ 1874ರ ವತನ ಕಾಯ್ದೆ ಮಹಾರರನ್ನು ಇಂಥ ಚಾಕರಿಗೆ ಕಟ್ಟಿಹಾಕಿತ್ತು. ಅದನ್ನು ತಿದ್ದಲು ಬಾಬಾಸಾಹೇಬರು 1928ರಲ್ಲೇ ಮುಂಬೈ ಕೌನ್ಸಿಲ್‌ನಲ್ಲಿ ಮಸೂದೆ ತಂದರು. ನಮ್ಮ ಮೂರೂ ತಾಲ್ಲೂಕು ಆಗ ಹೈದರಾಬಾದ್ ಸಂಸ್ಥಾನದಾಗ. ಅಲ್ಲಿಯ ಕಾಯ್ದೆ ಬದಲಾದರೂ ನಮಗೆ ಬರೋದಿರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮಶಾಹಿ ಮುಗೀತು. 1950ರ ಜನವರಿ 26ಕ್ಕೆ ಸಂವಿಧಾನ ಜಾರಿಯಾಗಿ, ಬಿಟ್ಟಿ ಚಾಕರಿ ಅಪರಾಧ ಅಂತ ಅದರ 23ನೇ ವಿಧಿ ಸಾರಿತು. ಕಾನೂನಿನ ಲೆಕ್ಕದಾಗ ನಮ್ಮ ಕಾಲು ನಮ್ಮವಾದದ್ದು ಅವತ್ತು. ಬಿಟ್ಟಿಗೆ ಓಡಿದವರ ಮೊಮ್ಮಗ ಇವತ್ತು ತನ್ನ ಖುಷಿಗೆ ಓಡ್ತಾನಂದ್ರ ಅದರ ಹಿಂದೆ ಇಷ್ಟು ಇತಿಹಾಸ ಅದ.

ಅದಕ್ಕೇ ಕೇಳ್ಕೋತೀನಿ. ನಿಮ್ಮ ಕೇರಿಯಲ್ಲಿ ಎಂಬತ್ತು ದಾಟಿದ ಮುತ್ಯಾ, ಆಯಿ ಇದ್ದರೆ ಈ ವಾರವೇ ಹೋಗಿ ಕೂಡ್ರಿ. ಯಾವ ಊರಿಗೆ ಸುದ್ದಿ ಒಯ್ತಿದ್ರಿ, ಯಾವ ದಾರಿ ಹಿಡೀತಿದ್ರಿ, ಹೊಳಿ ಎಲ್ಲಿ ದಾಟ್ತಿದ್ರಿ, ನೀರು ಎಲ್ಲಿ ಸಿಗ್ತಿತ್ತು ಅಂತ ಕೇಳ್ರಿ. ಮೊಬೈಲ್‌ನಾಗ ರೆಕಾರ್ಡ್ ಮಾಡ್ರಿ. ಆಮ್ಯಾಲೆ ಆ ದಾರಿ ಹಿಡಿದು ನೀವೇ ಒಮ್ಮೆ ನಡೆದು, ನಕ್ಷೆ ಬರೀರಿ. ನಾಳೆ ಯಾರಾದರೂ ಆಳಂದ, ಅಫಜಲಪುರ, ಜೇವರ್ಗಿ ಕೂಡಿಸಿ ಓಟದ ದಾರಿ ಮಾಡಿ ಹೆಸರಿಡಲು ಹೊರಟರೆ, ನಮ್ಮ ಕೈಯಾಗ ಆ ನಕ್ಷೆ ಇರಬೇಕು. ಹೆಸರು ನಾವು ಹೇಳೋಣ.