ಕಲ್ಲಿನ ಮುಖ, ಚಿಂದಿಯ ಮುಖ



ಹರಪನಹಳ್ಳಿ ತಾಲ್ಲೂಕಿನ ನೀಲಗುಂದ ಗ್ರಾಮದಲ್ಲಿ ಭೀಮೇಶ್ವರ ದೇವಾಲಯವಿದೆ. ಬಾಗಳಿ, ಕುರುವತ್ತಿ, ಹಿರೇಹಡಗಲಿಗಳ ಗುಡಿಗಳಂತೆ ಇದೂ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಕಲೆಗೆ ಸಾಕ್ಷಿ. ಬ್ರಿಟಿಷರ ಆಡಳಿತದಲ್ಲಿ ಈ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಆಡಳಿತದ ಗಡಿಗಳು ಇಷ್ಟು ಸಲ ಬದಲಾದರೂ ಗುಡಿಯ ಕಲ್ಲು ಕದಲಲಿಲ್ಲ.

ಚಾಲುಕ್ಯ ಶೈಲಿಯ ಗುಡಿಗಳಲ್ಲಿ ಕೋಷ್ಠಗಳ ನೆತ್ತಿಯ ಮೇಲೆ, ತೋರಣಗಳ ನಡುವೆ ಒಂದು ಮೃಗಮುಖವನ್ನು ಕಾಣುತ್ತೇವೆ. ಉಬ್ಬಿದ ಕಣ್ಣು, ಅಗಲವಾದ ಮೂಗು, ಬಾಯಿಂದ ಹೊರಚೆಲ್ಲುವ ಬಳ್ಳಿ. ಹಲವೆಡೆ ಕೆಳದವಡೆಯೂ ಇರುವುದಿಲ್ಲ. ಇದೇ ಕೀರ್ತಿಮುಖ. ಇದರ ಹಿಂದೆ ಒಂದು ಪುರಾಣಕಥೆಯಿದೆ. ಜಲಂಧರನ ದೂತನಾಗಿ ಬಂದ ರಾಹುವನ್ನು ನುಂಗಲು ಶಿವನ ಹುಬ್ಬುಗಳ ನಡುವಿನಿಂದ ಸಿಂಹಮುಖದ ಜೀವಿಯೊಂದು ಹುಟ್ಟಿತು. ರಾಹು ಶರಣಾದನು. ಹಸಿದ ಜೀವಿಗೆ ತನ್ನ ದೇಹವನ್ನೇ ತಿನ್ನುವಂತೆ ಶಿವನು ಹೇಳಿದನು. ಅದು ಕಾಲಿನಿಂದ ಆರಂಭಿಸಿ ಎಲ್ಲವನ್ನೂ ತಿಂದು ಮುಗಿಸಿದಾಗ ಮುಖವೊಂದೇ ಉಳಿಯಿತು. ಅದನ್ನು ಶಿವನು ತನ್ನ ಬಾಗಿಲಲ್ಲಿ ನಿಲ್ಲಿಸಿದನು.

ದೇಹವಿಲ್ಲದೆ ಮುಖವೊಂದೇ ಇದ್ದರೆ ಅದು ಮುಖವಾಡವೇ ಅಲ್ಲವೇ? ಲಿಂಗಕ್ಕೆ ತೊಡಿಸುವ ಬೆಳ್ಳಿಯ ಮುಖವನ್ನೂ ನಮ್ಮ ಜನ ಮುಖವಾಡವೆಂದೇ ಕರೆಯುತ್ತಾರೆ. ತುಳುನಾಡಿನ ಭೂತಾರಾಧನೆಯಲ್ಲಿ ಪಂಜುರ್ಲಿಗೆ ಲೋಹದ ಹಂದಿಮುಖವುಂಟು. ಕಲ್ಲು, ಬೆಳ್ಳಿ, ಕಂಚು: ನಮಗೆ ಉಳಿದು ಬಂದಿರುವ ಹಳೆಯ ಮುಖಗಳೆಲ್ಲ ಬಹುಮಟ್ಟಿಗೆ ಇಂತಹ ಗಟ್ಟಿ ವಸ್ತುಗಳವು.

ಚರಿತ್ರೆಯ ವಿದ್ಯಾರ್ಥಿ ಇಲ್ಲಿ ಎಚ್ಚರದಿಂದಿರಬೇಕು. ಉಳಿದದ್ದು ಮಾತ್ರವೇ ಇತ್ತು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಬಟ್ಟೆ, ತೊಗಲು, ಸೋರೆಬುರುಡೆ, ಮೆದುಮರಗಳಿಂದ ಮಾಡಿದ ವಸ್ತುಗಳನ್ನು ಗೆದ್ದಲು ತಿನ್ನುತ್ತದೆ, ಮಳೆ ಕರಗಿಸುತ್ತದೆ. ಹಬ್ಬ ಮುಗಿದ ಮೇಲೆ ಜನರೇ ನೀರಿಗೆ ಬಿಡುತ್ತಾರೆ. ಇಂತಹ ವಸ್ತುಗಳ ಚರಿತ್ರೆಯನ್ನು ಶಾಸನದಲ್ಲಿ ಹುಡುಕುವುದು ಕಷ್ಟ. ಅದು ಮಾಡುವವರ ಕೈಯಲ್ಲಿ ಉಳಿದಿರುತ್ತದೆ.

ಅಂತಹ ಕೈಗಳನ್ನು ಕಾಣಲು ತುಂಗಭದ್ರೆಯನ್ನು ದಾಟಿ ಕೊಪ್ಪಳದ ಸಮೀಪದ ಕಿನ್ನಾಳಕ್ಕೆ ಹೋಗಬೇಕು. ಅಲ್ಲಿನ ಚಿತ್ರಗಾರ ಮನೆತನಗಳು ಹಗುರವಾದ ಮರದಿಂದ ದೇವತಾಮೂರ್ತಿಗಳನ್ನೂ ಪ್ರಾಣಿಪಕ್ಷಿಗಳ ಗೊಂಬೆಗಳನ್ನೂ ಮಾಡುತ್ತ ಬಂದಿವೆ. ಹಂಪೆಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೆಂಬುದು ಅವರಲ್ಲಿರುವ ನಂಬಿಕೆ. ಇಂದು ಈ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ನಮಗೆ ಇಲ್ಲಿ ಮುಖ್ಯವಾದುದು ಅವರ ಸಾಮಗ್ರಿ. ಸೆಣಬಿನ ಚಿಂದಿಯನ್ನು ನೆನೆಸಿ, ಹರಿದು, ಒಣಗಿಸಿ, ಪುಡಿ ಮಾಡಿ ಹುಣಸೆಬೀಜದ ಅಂಟಿನೊಡನೆ ಕಲಸುತ್ತಾರೆ. ಗೊಂಬೆಯ ಮೈಯನ್ನು ನಯಗೊಳಿಸುವುದು ಈ ಕಣಕ. ಮರದ ಹೊಟ್ಟು, ಚಿಂದಿ, ಬೀಜ, ಎಲ್ಲವೂ ಬಿಸಾಡುವ ವಸ್ತುಗಳೇ.

ಹುಣಸೆಬೀಜಕ್ಕೆ ಈ ಶಕ್ತಿ ಎಲ್ಲಿಂದ ಬಂತು? ಮೊಳಕೆಗೆ ಆಹಾರವಾಗಲೆಂದು ಬೀಜವು ತನ್ನೊಳಗೆ ಸಕ್ಕರೆ ಅಣುಗಳ ಉದ್ದ ಸರಪಳಿಗಳನ್ನು ಕೂಡಿಟ್ಟಿರುತ್ತದೆ. ನೀರಿನಲ್ಲಿ ಕುದಿಸಿದಾಗ ಅವು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಈ ಸರಪಳಿಯ ಬೆನ್ನೆಲುಬು ಹತ್ತಿ ಮತ್ತು ಕಾಗದದ ನಾರಿನಲ್ಲಿರುವ ಸೆಲ್ಯುಲೋಸನ್ನು ಹೋಲುವುದರಿಂದ ಆ ನಾರುಗಳನ್ನು ಚೆನ್ನಾಗಿ ಹಿಡಿಯುತ್ತದೆ. ರಸಾಯನಶಾಸ್ತ್ರ ಇದಕ್ಕೆ ಹೆಸರಿಡುವ ಮೊದಲೇ ನಮ್ಮ ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಗಂಜಿ ಹಾಕುವುದನ್ನು ಅರಿತಿದ್ದರು. ಕಾಶ್ಮೀರದ ಕುಶಲಕರ್ಮಿಗಳು ಅರೆದ ಕಾಗದಕ್ಕೆ ಗಂಜಿ ಬೆರೆಸಿ ಪೆಟ್ಟಿಗೆ, ಹೂದಾನಿಗಳನ್ನು ಮಾಡುವುದೂ ಇದೇ ತತ್ತ್ವದ ಮೇಲೆ: ನಾರು ಬಲ ಕೊಡುತ್ತದೆ, ಅಂಟು ಹಿಡಿದಿಡುತ್ತದೆ.

ಈ ತತ್ತ್ವವನ್ನು ಮನೆಯಲ್ಲಿ ಮಕ್ಕಳೊಡನೆ ಪರೀಕ್ಷಿಸಬಹುದು. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತು ಮಾಡುವ ಸೀಮೆಯ ಮಕ್ಕಳಿಗೆ ಎತ್ತಿನ ಮುಖ ಹೊಸದೇನಲ್ಲ. ಮಣೆಯ ಮೇಲೆ ಹದವಾದ ಮಣ್ಣನ್ನು ಮಗುವಿನ ಮುಖಕ್ಕಿಂತ ತುಸು ದೊಡ್ಡದಾಗಿ ಗುಡ್ಡೆ ಮಾಡಿ, ಹಣೆ, ಕಣ್ಣಿನ ಗುಳಿ, ಉದ್ದ ಮೂತಿಗಳನ್ನು ಹೆಬ್ಬೆರಳಿನಿಂದ ತಿದ್ದಲಿ. ಮೊದಲ ಪದರಕ್ಕೆ ಬರೀ ನೀರಿನಲ್ಲಿ ನೆನೆಸಿದ ಕಾಗದದ ಚೂರುಗಳು ಸಾಕು. ಅಂಟು ಹಚ್ಚಿದರೆ ಮುಖವಾಡ ಮಣ್ಣನ್ನು ಬಿಟ್ಟು ಬರುವುದಿಲ್ಲ. ಅದರ ಮೇಲೆ ಹಳೆಯ ಪತ್ರಿಕೆ ಮತ್ತು ಹಳೆಯ ಪಂಚೆಯ ಚೂರುಗಳನ್ನು ಅಂಟಿನಲ್ಲಿ ಅದ್ದಿ, ಒಂದು ಪದರ ಅಡ್ಡಲಾಗಿ, ಮುಂದಿನದು ಉದ್ದಲಾಗಿ, ಐದಾರು ಪದರ ಹಾಕಬೇಕು. ಕಾಗದವನ್ನು ಕತ್ತರಿಸದೆ ಹರಿಯುವುದು ಒಳ್ಳೆಯದು. ಹರಿದ ಅಂಚು ತೆಳುವಾಗಿರುವುದರಿಂದ ಗೆರೆ ಮೂಡುವುದಿಲ್ಲ.

ಅಂಟಿಗೆ ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ಅರೆದು, ಗಟ್ಟಿಯಾಗುವವರೆಗೆ ಕುದಿಸಬೇಕು. ಒಲೆಯ ಕೆಲಸ ಹಿರಿಯರದು. ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ರೂಢಿಯುಂಟು. ಅದು ವಿಷ, ಮಕ್ಕಳ ಮುಖಕ್ಕೆ ತೊಡಿಸುವ ವಸ್ತುವಿಗೆ ಖಂಡಿತ ಬೇಡ. ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಮೇಲ್ಪದರ ಬೇಗ ಕುಗ್ಗಿ ಮುಖ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಮಣ್ಣಿನಿಂದ ಬಿಡಿಸಿ, ಕಣ್ಣಿಗೂ ಮೂಗಿಗೂ ರಂಧ್ರ ಕೊರೆದು, ಸುರುಳಿ ಸುತ್ತಿದ ಕಾಗದದಿಂದ ಕೊಂಬು ಕೂಡಿಸಿ, ಕೆಮ್ಮಣ್ಣು, ಇದ್ದಿಲು, ಅರಿಸಿನಗಳಿಂದ ಬಣ್ಣ ಹಚ್ಚಬಹುದು.

ಈ ಕೆಲಸ ಮಾಡಿದ ಮಗು ನೀಲಗುಂದದಂತಹ ಗುಡಿಗೆ ಹೋದಾಗ ಕೀರ್ತಿಮುಖವನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ. ಹಣೆಯನ್ನು ಎಷ್ಟು ಉಬ್ಬಿಸಬೇಕು, ಕಣ್ಣನ್ನು ಎಷ್ಟು ಆಳಕ್ಕಿಳಿಸಬೇಕು ಎಂಬುದು ಅದರ ಬೆರಳಿಗೆ ಗೊತ್ತಿರುತ್ತದೆ. ಶಿಲ್ಪಿ ಎದುರಿಸಿದ ಪ್ರಶ್ನೆಯೂ ಅದೇ ಆಗಿತ್ತು. ಆದರೆ ಕಲ್ಲಿನಲ್ಲಿ ಒಮ್ಮೆ ಕೆತ್ತಿ ತೆಗೆದುದನ್ನು ಮತ್ತೆ ಹಚ್ಚಲು ಬಾರದು.

ಕಲ್ಲಿನ ಮುಖವನ್ನು ಪ್ರಾಚ್ಯವಸ್ತು ಇಲಾಖೆ ಬೇಲಿ ಹಾಕಿ ಕಾಯಬಲ್ಲದು. ಚಿಂದಿ ಮತ್ತು ಹುಣಸೆಬೀಜದ ವಿದ್ಯೆಗೆ ಬೇಲಿಯಿಲ್ಲ. ಒಂದು ತಲೆಮಾರು ಮಾಡುವುದನ್ನು ನಿಲ್ಲಿಸಿದರೆ ಅದರ ಅವಶೇಷವೂ ನೆಲದಲ್ಲಿ ಸಿಗುವುದಿಲ್ಲ. ಆದ್ದರಿಂದ ಈ ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸುವಾಗ ಒಂದು ಬೊಗಸೆ ಬೀಜವನ್ನು ತೆಗೆದಿಡಿ, ಮನೆಯ ಕಿರಿಯರನ್ನು ಜೊತೆಗೆ ಕೂರಿಸಿಕೊಳ್ಳಿ.