ಹಸಿರು ಕಟ್ಟಡ ಪ್ರಮಾಣಪತ್ರ: ಮಾಲೀಕರ ಲಾಭ, ವೆಚ್ಚ

ಹಸಿರು ಕಟ್ಟಡ ಪ್ರಮಾಣಪತ್ರವೆಂದರೆ, ನೀರು, ವಿದ್ಯುತ್ತು, ಕಟ್ಟಡ ಸಾಮಗ್ರಿಗಳನ್ನು ಮಿತವಾಗಿ ಬಳಸುವ ಕಟ್ಟಡವನ್ನು ಹೊರಗಿನ ಸಂಸ್ಥೆಯೊಂದು ಪರಿಶೀಲಿಸಿ, ಅಂಕ ಹಾಕಿ ಕೊಡುವ ಮಾನ್ಯತೆ. ಅಮೆರಿಕದಲ್ಲಿ ಹುಟ್ಟಿದ ‘ಲೀಡ್’ ಪದ್ಧತಿಯಲ್ಲಿ ಒಟ್ಟು 110 ಅಂಕ. 40 ಬಂದರೆ ಪ್ರಮಾಣಪತ್ರ, 80 ಬಂದರೆ ಪ್ಲಾಟಿನಂ. ಭಾರತದಲ್ಲಿ ಇದರ ಜೊತೆಗೆ, 2001ರಲ್ಲಿ ಆರಂಭವಾದ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್‌ನ ರೇಟಿಂಗ್‌ಗಳೂ ‘ಟೆರಿ’ ಸಂಶೋಧನಾ ಸಂಸ್ಥೆ ರೂಪಿಸಿದ ‘ಗೃಹ’ ರೇಟಿಂಗೂ ಬಳಕೆಯಲ್ಲಿವೆ. ಹೈದರಾಬಾದಿನ ಸಿಐಐ–ಸೊಹ್ರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ 2003ರಲ್ಲೇ ಲೀಡ್ ಪ್ಲಾಟಿನಂ ಪಡೆದಿತ್ತು.

ಮಾಲೀಕರ ಖರ್ಚು ಎರಡು ಬಗೆಯದು. ಒಳ್ಳೆಯ ಗಾಜು, ಚಾವಣಿಯ ಶಾಖನಿರೋಧಕ, ನೀರಿನ ಮರುಬಳಕೆ ಘಟಕ ಇವೆಲ್ಲ ಕಟ್ಟಡದಲ್ಲೇ ಉಳಿಯುತ್ತವೆ. ನೋಂದಣಿ ಶುಲ್ಕ, ಸಲಹೆಗಾರರ ಸಂಭಾವನೆ, ದಾಖಲೆಗಳ ತಯಾರಿ ಕಾಗದಕ್ಕೆ ತೆರುವ ಬೆಲೆ. ಕಟ್ಟಡ ಚಿಕ್ಕದಾದ ಮಾತ್ರಕ್ಕೆ ಈ ಎರಡನೆಯ ಖರ್ಚು ಅಷ್ಟೇ ಪ್ರಮಾಣದಲ್ಲಿ ತಗ್ಗುವುದಿಲ್ಲ. ಸಣ್ಣ ಮಾಲೀಕರಿಗೆ ಭಾರವಾಗುವುದು ಇದೇ. ಕ್ಯಾಲಿಫೋರ್ನಿಯಾಕ್ಕಾಗಿ 2003ರಲ್ಲಿ ಗ್ರೆಗ್ ಕ್ಯಾಟ್ಸ್ ನಡೆಸಿದ ಅಧ್ಯಯನ, ಹಸಿರು ಕಟ್ಟಡದ ಹೆಚ್ಚುವರಿ ನಿರ್ಮಾಣ ವೆಚ್ಚವನ್ನು ಸರಾಸರಿ ಶೇ. 2ರಷ್ಟೆಂದು ಅಂದಾಜಿಸಿತು.

ಮಾರುಕಟ್ಟೆಯ ಲಾಭಕ್ಕೂ ಪುರಾವೆಯಿದೆ. ಐಕೋಲ್ಟ್ಸ್, ಕಾಕ್, ಕ್ವಿಗ್ಲಿ 2010ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಅಮೆರಿಕದಲ್ಲಿ ಪ್ರಮಾಣೀಕೃತ ಕಚೇರಿ ಕಟ್ಟಡಗಳಿಗೆ ಸುಮಾರು ಶೇ. 3 ಹೆಚ್ಚು ಬಾಡಿಗೆ, ಸುಮಾರು ಶೇ. 16 ಹೆಚ್ಚು ಮಾರಾಟ ಬೆಲೆ ಸಿಕ್ಕಿತ್ತು. ಇದು ದೊಡ್ಡ ಕಂಪನಿಗಳು ಬಾಡಿಗೆಗೆ ಬರುವ ಮಾರುಕಟ್ಟೆಯ ಲೆಕ್ಕ. ಬೆಂಗಳೂರಿನ ಬಡಾವಣೆಯೊಂದರ ಎರಡು ಅಂತಸ್ತಿನ ಮನೆಗೆ ಇದನ್ನು ಅನ್ವಯಿಸಲಾಗದು.

ಲಾಭ ಯಾರ ಕೈ ಸೇರುತ್ತದೆ ಎಂಬುದೇ ಇಲ್ಲಿ ಮುಖ್ಯ. ಕಟ್ಟಿಸಿದವರು ಮಾಲೀಕರು, ಕರೆಂಟ್ ಬಿಲ್ ಕಟ್ಟುವವರು ಬಾಡಿಗೆದಾರರು ಎಂದಾದರೆ ಉಳಿತಾಯವೆಲ್ಲ ಬಾಡಿಗೆದಾರರ ಪಾಲಿಗೆ. ಬಾಡಿಗೆಯೋ ಮಾರಾಟ ಬೆಲೆಯೋ ಹೆಚ್ಚಿದರಷ್ಟೇ ಮಾಲೀಕರಿಗೆ ಹೂಡಿಕೆ ಹಿಂದಿರುಗುತ್ತದೆ. ತಮ್ಮದೇ ಕಟ್ಟಡದಲ್ಲಿ ಕೆಲಸ ನಡೆಸುವ ಸಂಸ್ಥೆ, ಆಸ್ಪತ್ರೆ, ಕಾಲೇಜುಗಳಿಗೆ ಈ ತೊಡಕಿಲ್ಲ. ಸ್ವಂತ ವಾಸದ ಮನೆಯಲ್ಲಿ ನೆರಳು, ಗಾಳಿಯಾಟ, ಮಳೆನೀರು ಸಂಗ್ರಹದಿಂದ ಆಗುವ ಉಳಿತಾಯಕ್ಕೆ ಪ್ರಮಾಣಪತ್ರವೇ ಬೇಕಿಲ್ಲ.

ವಿನ್ಯಾಸ ನೋಡಿ ಕೊಟ್ಟ ಅಂಕ ನಿಜವಾದ ಬಳಕೆಗೆ ಖಾತರಿಯೂ ಅಲ್ಲ. ಕೆನಡಾದ ನ್ಯೂಶಮ್ ಮತ್ತು ಸಂಗಡಿಗರು 2009ರಲ್ಲಿ 100 ಲೀಡ್ ಕಟ್ಟಡಗಳ ಅಂಕಿಅಂಶಗಳನ್ನು ಮರುಪರಿಶೀಲಿಸಿದಾಗ, ಸರಾಸರಿ ಬಳಕೆ ಕಡಿಮೆಯಿದ್ದರೂ ಶೇ. 28ರಿಂದ 35ರಷ್ಟು ಕಟ್ಟಡಗಳು ಸಾಮಾನ್ಯ ಕಟ್ಟಡಗಳಿಗಿಂತ ಹೆಚ್ಚು ಇಂಧನ ಬಳಸುತ್ತಿದ್ದವು. ಕೊಳ್ಳುವವರು ಪ್ರಮಾಣಪತ್ರದ ಜೊತೆಗೆ ಹಿಂದಿನ ವರ್ಷಗಳ ಬಿಲ್‌ಗಳನ್ನೂ ಕೇಳಿ ನೋಡಬೇಕು. ಭಾರತದ ಇಂಧನ ದಕ್ಷತಾ ಬ್ಯೂರೊ 2009ರಲ್ಲಿ ಕಚೇರಿ ಕಟ್ಟಡಗಳಿಗೆ ತಂದ ನಕ್ಷತ್ರ ರೇಟಿಂಗ್ ಅಳೆಯುವುದು, ವರ್ಷವೊಂದರಲ್ಲಿ ಪ್ರತಿ ಚದರ ಮೀಟರಿಗೆ ಖರ್ಚಾದ ಯೂನಿಟ್ಟುಗಳನ್ನೇ.