ತಾತ ಕಲಿಸಿದ ತ್ರೀ ನಾಟ್ ತ್ರೀ ಪಾಠ



ಒಂದು ಗಣರಾಜ್ಯೋತ್ಸವಕ್ಕೆ ನಮ್ಮ ಶಾಲೆಗೆ ಮಕ್ತಲ್ ಕಡೆಯ ಮಾಜಿ ಸೈನಿಕರೊಬ್ಬರನ್ನು ಕರೆದಿದ್ದೆವು. ವಯಸ್ಸು ಎಂಬತ್ತು. ಹುಟ್ಟಿದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. 1956ರಲ್ಲಿ ಊರು ಆಂಧ್ರಪ್ರದೇಶಕ್ಕೆ ಸೇರಿತು, 2014ರಲ್ಲಿ ತೆಲಂಗಾಣವಾಯಿತು. ಮನೆ ಮಾತ್ರ ಅದೇ, ಮನೆಮಾತೂ ಅದೇ ಕನ್ನಡ.

ಧ್ವಜಾರೋಹಣದ ನಂತರ ಏಳನೇ ತರಗತಿಯ ಹುಡುಗನೊಬ್ಬ ಕೇಳಿಬಿಟ್ಟ: “ತಾತಾ, 1962ರಾಗ ಚೀನಾದ ಮುಂದ ನಮ್ಮವರು ಯಾಕ ಸೋತ್ರು? ಹೆದರಿದ್ರಾ?”

ನನಗೆ ಮುಜುಗರವಾಯಿತು. ತಾತ ಸಿಟ್ಟಾಗಲಿಲ್ಲ. ಮೂಲೆಯಲ್ಲಿದ್ದ ಬಿದಿರು ಕೋಲು ತರಿಸಿ, ಅದನ್ನೇ ಬಂದೂಕು ಮಾಡಿಕೊಂಡು ಪಾಠ ಶುರು ಮಾಡಿದರು.

ಅವರು ಸೇನೆಗೆ ಸೇರಿದ್ದು ಯುದ್ಧದ ಮರುವರ್ಷ, 1963ರಲ್ಲಿ. ತರಬೇತಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್ ಕೇಂದ್ರದಲ್ಲಿ. ತಮಿಳು, ಮಲಯಾಳ, ತೆಲುಗು, ಕನ್ನಡದ ಹುಡುಗರೆಲ್ಲ ಒಂದೇ ಸಾಲಿನಲ್ಲಿ. ಆಜ್ಞೆ ಮಾತ್ರ ಹಿಂದಿಯಲ್ಲಿ: ಸಾವಧಾನ್, ಬಗಲ್ ಶಸ್ತ್ರ, ಸಲಾಮಿ ಶಸ್ತ್ರ. ಕೈಗೆ ಕೊಟ್ಟದ್ದು .303 ರೈಫಲ್. ಸೈನಿಕರ ಬಾಯಲ್ಲಿ ಅದು ‘ತ್ರೀ ನಾಟ್ ತ್ರೀ’. ನಳಿಕೆಯ ಒಳ ಅಳತೆ 0.303 ಇಂಚು, ಅಂದರೆ ಸುಮಾರು 7.7 ಮಿಲಿಮೀಟರ್. ಅದಕ್ಕೇ ಆ ಹೆಸರು.

“ನಾಲ್ಕು ಕಿಲೋ ತೂಕ. ತಪ್ಪು ಮಾಡಿದ್ರ ತಲಿ ಮ್ಯಾಲೆ ಎತ್ತಿ ಹಿಡಕೊಂಡು ಮೈದಾನ ಸುತ್ತಬೇಕು. ಹಿಡಿಯನ್ನ ಭುಜಕ್ಕ ಒತ್ತಿ ಹಿಡೀಲಿಲ್ಲ ಅಂದ್ರ ಒದ್ದ ಹೊಡೆತಕ್ಕ ಮೂರು ದಿನ ಕೈ ಎತ್ತಾಕ ಬರ್ತಿರಲಿಲ್ಲ.” ಗುಂಡು ಹೊಡೆದ ದಿನ ಸಂಜೆ ನಳಿಕೆಯೊಳಗೆ ಕುದಿಯುವ ನೀರು ಹುಯ್ದು, ಚಿಂದಿ ಬಟ್ಟೆ ಎಳೆದು ಒರೆಸಬೇಕಿತ್ತು. ಆ ಮದ್ದಿನ ಉಪ್ಪು ಉಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತಿತ್ತು.

ಆಮೇಲೆ ತಾತ ಹುಡುಗನ ಕೈಗೆ ಕೋಲು ಕೊಟ್ಟರು. ಪ್ರತಿ ಗುಂಡಿಗೂ ಬೋಲ್ಟ್ ಮೇಲೆತ್ತು, ಹಿಂದಕ್ಕೆ ಎಳೆ, ಮುಂದಕ್ಕೆ ತಳ್ಳು, ಕೆಳಗಿಳಿಸು, ಗುರಿ ಹಿಡಿ. ಹತ್ತು ಗುಂಡು ಮುಗಿದರೆ ಮತ್ತೆ ತುಂಬು. ಐದು ಸಲ ಮಾಡುವಷ್ಟರಲ್ಲಿ ಹುಡುಗನಿಗೆ ಸಾಕಾಯಿತು. “ಈಗ ಇದನ್ನ ಹಿಮದಾಗ, ಮರಗಟ್ಟಿದ ಬೆರಳಿನಾಗ ಮಾಡು. ಎದುರಿಗಿದ್ದವರ ಬಂದೂಕು ಕುದುರೆ ಒತ್ತಿದ್ರ ತಾನೇ ಗುಂಡು ಉದುರಸ್ತದ. ಯುದ್ಧದಾಗ ಇದ್ದು ಬಂದ ನಮ್ಮ ಉಸ್ತಾದರು ಹೀಂಗ ಹೇಳ್ತಿದ್ರು,” ಎಂದರು ತಾತ.

ಬಂದೂಕು ಕೆಟ್ಟದ್ದಲ್ಲ. ಅದರ ಮಾದರಿ 1907ರದು. ಎರಡು ಮಹಾಯುದ್ಧ ಕಂಡಿತ್ತು. 1947-48ರ ಕಾಶ್ಮೀರ ಯುದ್ಧದಲ್ಲಿ ನಮ್ಮ ಕೊಡಗಿನ ತಿಮ್ಮಯ್ಯನವರ ಸೈನಿಕರ ಕೈಯಲ್ಲೂ ಅದೇ ಇತ್ತು. 1962ರ ಹೊತ್ತಿಗೆ ಕಾಲ ಮುಂದೆ ಹೋಗಿತ್ತು.

ಇನ್ನು ಹೆದರಿಕೆಯ ಮಾತು. 1962ರ ನವೆಂಬರ್ 18ರಂದು ಲಡಾಖ್‌ನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾವೂನ್ ತುಕಡಿ ಸುಮಾರು 120 ಜನರಿಂದ ಹೋರಾಡಿತು. ಅವರಲ್ಲಿ ನೂರಕ್ಕೂ ಹೆಚ್ಚು ಜನ ಅಲ್ಲೇ ಮಡಿದರು. ಮರುವರ್ಷ ದೇಹಗಳು ಸಿಕ್ಕಾಗ ಅನೇಕರ ಕೈಯಲ್ಲಿ ಆಯುಧ ಹಾಗೆಯೇ ಇತ್ತು. ಮೇಜರ್‌ಗೆ ಮರಣೋತ್ತರ ಪರಮವೀರ ಚಕ್ರ ಬಂತು.

ಮುಂದೆ ಇಶಾಪುರದಲ್ಲಿ ತಯಾರಾದ 20 ಗುಂಡಿನ ಎಸ್.ಎಲ್.ಆರ್. ಸೇನೆಗೆ ಬಂತು. ಹಳೆಯ .303 ಪೊಲೀಸರ ಕೈಗೆ ಹೋಯಿತು. ಉತ್ತರ ಪ್ರದೇಶ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರಲ್ಲಿ!

ಹೊರಡುವಾಗ ತಾತ ನನ್ನ ಕೈ ಹಿಡಿದು ಹೇಳಿದರು: “ಮಾಸ್ತರೇ, ಸೋತ್ವಿ ಅಂತ ಬರಸ್ರಿ, ಅದು ಖರೆ ಅದ. ಹೆದರಿದ್ರು ಅಂತ ಮಾತ್ರ ಬರಸಬ್ಯಾಡ್ರಿ.”

ಇಷ್ಟು ವರ್ಷ ನಾನು ಎರಡು ಅಂಕದ ಉತ್ತರಕ್ಕೆ ‘ಸಿದ್ಧತೆಯ ಕೊರತೆ’ ಎಂದು ಬರೆಸಿ ಮುಂದೆ ಹೋಗುತ್ತಿದ್ದೆ. ಆ ಎರಡು ಪದದೊಳಗೆ ಎಷ್ಟು ಜನರ ಜೀವವಿದೆ ಎಂದು ನನಗೂ ಅಂದೇ ತಿಳಿದದ್ದು. ಈಗ ಆ ಪಾಠಕ್ಕೆ ಮೊದಲು ಮಕ್ಕಳ ಕೈಗೆ ಒಂದು ಕೋಲು ಕೊಡುತ್ತೇನೆ.

ನಿಮ್ಮ ಊರಿನಲ್ಲೂ ಇಂಥ ತಾತಂದಿರು ಇರಬಹುದು. ಮಕ್ಕಳನ್ನು ಕಳಿಸಿ, ಕೇಳಿ ಬರೆದುಕೊಳ್ಳಲಿ. ತಡ ಮಾಡಬೇಡಿ.